ಕೈದುಡ್ಡು

ಕಣ್ಣು ಮುಚ್ಚು ಎಂದರೆ ಮುಚ್ಚಬಹುದು, ಬಾಯಿ ಮುಚ್ಚು ಎಂದರೂ ಮುಚ್ಚಬಹುದು, ಆದರೆ ಕೈಗೆ ಮುಚ್ಚಿಕೋ ಎಂದು ಹೇಳುವುದು ಹೇಗೆ ಎಂದು ಪುಟ್ಟಕ್ಕ ಹಟ್ಟಿ ಬಿಟ್ಟಾಗಿನಿಂದ ಯೋಚಿಸುತ್ತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಒಗೆದು ಒಗೆದು ಸೆರಗಿನ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡಿದೆ ಎಂಬುದು ಕಣ್ಣಿಗೆ ಎಂದೋ ಗೊತ್ತಿದ್ದ ಸಂಗತಿ. ಈಗ ಅದು ಅಂಗೈಗೂ ಗೊತ್ತಾಗುತ್ತಿತ್ತು. ಒಂದು ಎಳೆ ಹೆಬ್ಬೆರಳ ಬುಡದಲ್ಲಿ, ಇನ್ನೊಂದು ತೋರುಬೆರಳ ಪಕ್ಕದಲ್ಲಿ, ನಡೆದ ಹಾಗೆಲ್ಲ ಸರಿದಾಡುತ್ತಿದ್ದವು. ಇಷ್ಟು ವರ್ಷ ಕೊರಡಿನಂತೆ ಬಿದ್ದಿದ್ದ ಕೈಗೆ ಚುರುಕಾಗಲು ಬೇರೆ ದಿನ ಸಿಗಲಿಲ್ಲವೆ, ಈ ಬುಧವಾರವೇ ಆಗಬೇಕೆ ಎಂದು ಅವಳು ಅದನ್ನು ಬೈದಳು. ಹಟ್ಟಿಯ ಕಾಲುದಾರಿ ಪಾವಗಡದ ಟಾರು ರಸ್ತೆಗೆ ಸೇರುವಲ್ಲಿ ಒಂದು ಹುಣಸೆಮರ. ತಿಂಗಳಿಗೊಂದು ಬುಧವಾರ ಅದರಡಿಗೆ ಕುಷ್ಠದ ಆಸ್ಪತ್ರೆಯ ರೇಣುಕಯ್ಯ ತನ್ನ ಲೂನಾದ ಹಿಂದೆ ಮಾತ್ರೆಯ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ. ಮಾತ್ರೆಯನ್ನು ತನ್ನೆದುರಿಗೇ ನುಂಗಿಸಿ, ಕೈಕಾಲು ನೋಡಿ, ಆಮೇಲೆ ಕೈದುಡ್ಡು ಕೊಡುತ್ತಿದ್ದ. ಕೈದುಡ್ಡು ಎಂಬ ಹೆಸರು ಹಟ್ಟಿಯವರದು. ಕೈಯಲ್ಲಿ ಸ್ಪರ್ಶ ಹೋಗಿ ಕೂಲಿಗೆ ಬಾರದವರಿಗೆಂದು ಆಸ್ಪತ್ರೆಯ ಜೊತೆಗಿದ್ದ ಒಂದು ಸಂಘದವರು ತಿಂಗಳು ತಿಂಗಳೂ ಕೊಡುತ್ತಿದ್ದ ಹಣ ಅದು. ಮಳೆ ಬಂದರೂ ಬರುತ್ತಿತ್ತು, ಬರದಿದ್ದರೂ ಬರುತ್ತಿತ್ತು. ಸೀಮೆಯಲ್ಲಿ ಅಷ್ಟು ನೆಚ್ಚಿಗೆಯದು ಇನ್ನೊಂದಿರಲಿಲ್ಲ. ಅದಕ್ಕಿದ್ದದ್ದು ಒಂದೇ ಕಟ್ಟಳೆ. ಸ್ಪರ್ಶ ಬಂದರೆ ಕೈದುಡ್ಡು ನಿಲ್ಲುತ್ತದೆ.

ಮೊದಲು ತಿಳಿಸಿದ್ದು ಒಂದು ಮೇಕೆಮರಿ. ಹೋದ ತಿಂಗಳ ಬುಧವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ತನ್ನ ಗುಡಿಸಲ ಬಾಗಿಲಲ್ಲಿ ಸುಮ್ಮನೆ ಕೂತಿದ್ದಾಗ ಬೇಲಿ ನುಸುಳಿ ಬಂದ ಮರಿಯೊಂದು ಅವಳ ಅಂಗೈಯಲ್ಲಿ ಉಪ್ಪು ಹುಡುಕಿತು. ಮರಿಗೆ ಯಾರ ಕೈ ಮುಟ್ಟಬೇಕು, ಯಾರದು ಮುಟ್ಟಬಾರದು ಎಂಬುದನ್ನು ಇನ್ನೂ ಯಾರೂ ಕಲಿಸಿರಲಿಲ್ಲ. ಅವಳು ಎಲ್ಲೋ ನೋಡುತ್ತಿದ್ದಳು. ಯಾವುದೋ ಬೆಚ್ಚಗಿನ, ಒದ್ದೆಯಾದ, ಗರಗರ ಎನ್ನುವಂಥದು ಕೈಯ ಮೇಲೆ ಹಾದುಹೋದಾಗ ಅದು ತನ್ನ ಕೈ ಎಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಬಗ್ಗಿ ನೋಡಿದಳು. ಮರಿ ಮತ್ತೆ ನೆಕ್ಕಿತು. ಅವಳು ಕೈ ಕಿತ್ತುಕೊಂಡು ಸುತ್ತ ನೋಡಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವರು ಹಾಗೆ ನೋಡುತ್ತಾರೆ. ಸಂತೋಷವಾಯಿತು, ಆಗಲಿಲ್ಲವೆಂದರೆ ಸುಳ್ಳು. ಆ ಮರಿಯನ್ನು ಎತ್ತಿ ಮುದ್ದಾಡಬೇಕೆನ್ನಿಸುವಷ್ಟು ಆಯಿತು. ಆದರೆ ಸಂತೋಷ ಎದೆಯಿಂದ ಗಂಟಲಿಗೆ ಬರುವಷ್ಟರಲ್ಲಿ ಅದರ ಬೆನ್ನಿಗೇ ಹೆದರಿಕೆಯೂ ಬಂದಿತ್ತು. ಯಾರಿಗೂ ಹೇಳಲಿಲ್ಲ. ದಿನವೂ ಬೆಳಿಗ್ಗೆ ಅಂಗೈಗೆ ಒಂದು ಚಿಟಿಕೆ ಉಪ್ಪು ಸವರಿಕೊಂಡು ಬಾಗಿಲಲ್ಲಿ ಕೂರತೊಡಗಿದಳು, ಅಷ್ಟೆ. ಮರಿ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ.

ಅವಳ ಗುಡಿಸಲು ಹಟ್ಟಿಯ ಮುಳ್ಳುಬೇಲಿಯಿಂದ ಹೊರಗೆ. ಗೊಲ್ಲರ ಹಟ್ಟಿ, ಒಳಗೆ ದೇವರಿದೆ, ಕುರಿಗೂಡಿದೆ, ಮಡಿಯಿದೆ. ತಿಂಗಳ ಹೊರಗಾದ ಹೆಂಗಸರೂ ಮಗು ಹೆತ್ತವರೂ ತಮ್ಮ ದಿನ ಕಳೆಯುವವರೆಗೆ ಬೇಲಿಯ ಆಚೆಯೇ ಇರಬೇಕು. ಆದ್ದರಿಂದ ಪುಟ್ಟಕ್ಕನಿಗೆ ಒಂಟಿತನವೆಂಬುದು ಇರಲಿಲ್ಲ. ಸಿರಾದ ಕಡೆಯ ಗಂಡನ ಮನೆಯವರು ಮೈಮೇಲಿನ ಮಚ್ಚೆ ಕಂಡು ಅವಳನ್ನು ತಂದು ಬಿಟ್ಟುಹೋದಾಗ, ಊರಿನ ಬೇರೆ ಜಾತಿಯವರಾಗಿದ್ದರೆ ಎಲ್ಲಾದರೂ ದೂರ ಹೋಗು ಎನ್ನುತ್ತಿದ್ದರೇನೋ. ಹಟ್ಟಿಯಲ್ಲಿ ಹೊರಗಿರುವುದಕ್ಕೆ ಮೊದಲೇ ಒಂದು ಜಾಗವಿತ್ತು. ಹಟ್ಟಿಯ ಹೆಂಗಸರೆಲ್ಲ ಸರದಿಯ ಮೇಲೆ ಅವಳ ನೆರೆಯವರಾಗಿ ಬಂದು ಕೂತು, ಗಂಡನನ್ನೂ ಅತ್ತೆಯನ್ನೂ ಬಾಯಿತುಂಬ ಬೈದು, ನಕ್ಕು, ಸ್ನಾನ ಮಾಡಿ ಒಳಗೆ ಹೋಗುತ್ತಿದ್ದರು. ಅವಳು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಅವರಿಗೂ ಅವಳಿಗೂ ನಡುವೆ ಒಂದು ಮಾರು ದೂರ ಇದ್ದೇ ಇರುತ್ತಿತ್ತು, ಅದನ್ನು ಯಾರೂ ಅಳೆದಿರಲಿಲ್ಲ. ಅವಳು ಕೊಟ್ಟ ಎಲೆಅಡಿಕೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಅವಳ ನೀರಿನ ಕೊಡ ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಒಲೆಯ ಮೇಲಿನ ಮಡಕೆ ಇಳಿಸಲು ಅವಳೇ ಬೇಕು. ಇದು ಹೇಗೆ ರೂಢಿಗೆ ಬಂತೋ ಯಾರಿಗೂ ನೆನಪಿಲ್ಲ. ಕುದಿಯುವ ಮಡಕೆಯನ್ನು ಅವಳು ಬರಿಗೈಯಲ್ಲಿ ಹಿಡಿದೆತ್ತುತ್ತಿದ್ದಳು, ಸುಡುವುದು ಗೊತ್ತಾಗುತ್ತಿರಲಿಲ್ಲ. 'ನಿನ್ ಕೈ ಕಂಡ್ರೆ ಬೆಂಕಿನೂ ಹೆದ್ರಿಕತದೆ ಕಣಕ್ಕ' ಎಂದು ಹೆಂಗಸರು ನಗುತ್ತಿದ್ದರು. ಬೆಂಕಿಯಲ್ಲಿರುವ ಮಡಕೆಗೆ ಅವಳ ಕೈಯಿಂದ ಏನೂ ಅಂಟುವುದಿಲ್ಲ, ಅಂಟಿದರೂ ಅಲ್ಲೇ ಸುಟ್ಟುಹೋಗುತ್ತದೆ ಎಂಬುದು ಅವರ ತೀರ್ಮಾನ. ಬಟ್ಟೆ ಹಿಡಿದು ಇಳಿಸಲು ಹೋದರೆ ಮಾತ್ರ ಬೇಡವೆನ್ನುತ್ತಿದ್ದರು, ಬಟ್ಟೆಯಲ್ಲಿ ರೋಗ ಇರುತ್ತದಂತೆ. ಕಾದ ಮಡಕೆಯನ್ನು ಮುಟ್ಟಬಹುದು, ಆರಿದ ಮಡಕೆಯನ್ನು ಮುಟ್ಟಬಾರದು. ಹೀಗಾಗಿ ಲೋಕದಲ್ಲಿ ಅವಳು ಮುಟ್ಟಬಹುದಾಗಿದ್ದದ್ದು ಸುಡುವಂಥದನ್ನು ಮಾತ್ರ. ಕೈತುಂಬ ಬೊಬ್ಬೆ ಏಳುತ್ತಿದ್ದವು, ಒಡೆಯುತ್ತಿದ್ದವು, ರೇಣುಕಯ್ಯ ಅವಕ್ಕೆ ಬಟ್ಟೆ ಕಟ್ಟುತ್ತ ಬೈಯುತ್ತಿದ್ದ. ಬೇರೆ ಹೆಂಗಸರು ಒಲೆಯ ಕೆಂಡ ತಗುಲಿದರೆ ಹಾ ಎಂದು ಬೆರಳನ್ನು ಬಾಯಿಯ ಹತ್ತಿರ ತಂದು ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದರು. ಪುಟ್ಟಕ್ಕ ಅದನ್ನೇ ನೋಡುತ್ತ ಕೂರುತ್ತಿದ್ದಳು. ಊದಿಕೊಳ್ಳುವುದು ನೋಯುವವರ ಕೆಲಸ. ಅವಳ ಕೈ ಬೊಬ್ಬೆಯೆದ್ದು ಇಷ್ಟು ವರ್ಷವಾದರೂ ಒಮ್ಮೆಯಾದರೂ ಊದಿಕೊಂಡ ನೆನಪು ಅವಳಿಗಿರಲಿಲ್ಲ.

ಮೇಕೆಮರಿಯ ನಂತರ ಅವಳು ಮಡಕೆ ಇಳಿಸುವುದನ್ನು ತಪ್ಪಿಸತೊಡಗಿದ್ದಳು. ಅಡಿಗೆಯ ಹೊತ್ತಿಗೆ ಸರಿಯಾಗಿ ಪುಳ್ಳೆ ಆಯಲು ಹೋಗಿಬಿಡುವುದು, ಭುಜ ಹಿಡಿದುಕೊಂಡಿದೆ ಎನ್ನುವುದು, ನಿದ್ದೆ ಬಂದಂತೆ ಮಲಗುವುದು. ಇದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದಳು. ಆದರೆ ಈಗ ತಮ್ಮನ ಮಗಳು ದಾಸಮ್ಮ ಚೊಚ್ಚಲ ಬಾಣಂತನಕ್ಕೆ ಬಂದು, ಅವಳ ಗುಡಿಸಲ ಪಕ್ಕದ ಬಾಣಂತಿ ಗುಡ್ಲಿನಲ್ಲಿ ಮಗುವಿನೊಂದಿಗೆ ಮಲಗಿದ್ದಳು. ದೇವರ ಹಟ್ಟಿಯವರು ಯಾರೂ ಹತ್ತಿರ ಸುಳಿಯುವಂತಿಲ್ಲ. ನೀರು ಕಾಯಿಸಿಕೊಡಲು, ಸೌದೆ ಒಡ್ಡಲು ಇದ್ದವಳು ಪುಟ್ಟಕ್ಕ ಒಬ್ಬಳೇ. ಬೆಳಿಗ್ಗೆ ಹೊರಡುವಾಗ ತಮ್ಮ ಓಬಳಪ್ಪ ಬೇಲಿಯ ಆಚೆ ನಿಂತು, ಬೆನ್ನ ಮೇಲೆ ಕಂಬಳಿ ಎಸೆದುಕೊಳ್ಳುತ್ತ ಹೇಳಿದ್ದ: 'ಅಕ್ಕಾ, ಬರ್ತಾ ಒಣಕೊಬ್ರಿ ಬೆಲ್ಲ ತಂದ್ಬುಡು. ಮಗೀಗೆ ಹಾಲು ಸಾಲ್ತಿಲ್ವಂತೆ.' ಅವನು ಹಣದ ಮಾತು ಎತ್ತಲಿಲ್ಲ, ಎಂದೂ ಎತ್ತಿದವನಲ್ಲ. ಸಭ್ಯ ಮನುಷ್ಯ. ಕೈದುಡ್ಡು ಬರತೊಡಗಿದ ಮೇಲೆಯೇ ಅವನು ಅವಳನ್ನು ಅಕ್ಕಾ ಎಂದು ಮತ್ತೆ ಕೂಗಲಾರಂಭಿಸಿದ್ದು. ಅದಕ್ಕೆ ಮೊದಲು ಬೇಲಿಯ ಬಳಿ ಬಂದು ಕೆಮ್ಮುತ್ತಿದ್ದ. ಅಕ್ಕನ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದ್ದೂ ಆಮೇಲೆಯೇ. ಅವಳಿಗೆ ಇದರಿಂದ ಬೇಸರವಾಗಲಿಲ್ಲ. ಅವನ ಮನೆಯ ಉಪ್ಪು ಎಣ್ಣೆ ತನ್ನಿಂದ ನಡೆಯುತ್ತದೆ ಎಂಬ ಜಂಬ ಅವಳಿಗೂ ಇತ್ತು. ಹಟ್ಟಿಯ ಹಿರಿಯರು, ಆಸ್ಪತ್ರೆಯವರು ವಾಸಿಯಾಯ್ತೆಂದರೆ ದೇವರ ತೀರ್ಥ ಹಾಕಿ ಒಳಗೆ ಕರೆದುಕೊಳ್ಳೋಣ ಎಂದು ಒಂದು ಮಾತು ಹೇಳಿದ್ದರು. ಒಳಗೆ ಹೋಗುವುದೆಂದರೆ ಏನು? ಓಬಳಪ್ಪನ ಒಂದು ಅಂಕಣದ ಮನೆಯ ಮೂಲೆ. ಎರಡು ಬೆರಳು ಮಡಿಸಲಾಗದ ಕೈಯಿಂದ ಕಡಲೆಕಾಯಿ ಬಿಡಿಸಲಾಗದು, ರೋಗದವಳೆಂದು ಯಾರೂ ಕೂಲಿಗೂ ಕರೆಯರು. ಉಣ್ಣುವ ಬಾಯಿ ಒಂದು ಹೆಚ್ಚಾಗುತ್ತದೆ, ಕೈದುಡ್ಡು ಇರುವುದಿಲ್ಲ. ಓಬಳಪ್ಪ ಮತ್ತೆ ಕೆಮ್ಮತೊಡಗುತ್ತಾನೆ. ಆದರೆ ದಾಸಮ್ಮನ ಮಗುವನ್ನು ಎತ್ತಿಕೊಳ್ಳಬಹುದು. ಇದು ನೆನಪಾದಾಗಲೆಲ್ಲ ಸೆರಗಿನೊಳಗಿನ ಕೈ ಅವಳನ್ನು ಕೇಳದೆ ಅಲುಗಾಡುತ್ತಿತ್ತು.

ಹುಣಸೆಮರದ ಕೆಳಗೆ ಮುದ್ದಪ್ಪ ಆಗಲೇ ಬಂದು ಕೂತಿದ್ದ. ನಿಡುಗಲ್ಲಿನ ಕಡೆಯವನು, ತೆಲುಗು ಬೆರೆತ ಮಾತಿನವನು, ಕಂಬಳಿ ನೇಯುತ್ತಿದ್ದವನು. ಅವನಿಗೆ ಈಗ ರೋಗವಿಲ್ಲ. ಹೋದ ವರ್ಷ ದೊಡ್ಡ ಡಾಕ್ಟರು ಬಂದು ಅವನ ಬೆನ್ನು ತಟ್ಟಿ, ನೀನು ಎಲ್ಲರಂತೆ ಆದೆಯಪ್ಪ ಎಂದು ಹೇಳಿ ಹೋಗಿದ್ದರು. ಅದನ್ನು ಡಾಕ್ಟರು ಅವನಿಗೆ ಹೇಳಿದರೇ ಹೊರತು ಅವನ ಊರಿಗೆ ಹೇಳಿರಲಿಲ್ಲ. ಹೆಂಡತಿ ಮಕ್ಕಳು ಅವನನ್ನು ಮೊದಲಿನಂತೆಯೇ ಜಗಲಿಯಲ್ಲಿ ಮಲಗಿಸಿದರು, ಮೊದಲಿನಂತೆಯೇ ತಟ್ಟೆಯನ್ನು ದೂರದಿಂದ ನೂಕಿದರು. ಕೈದುಡ್ಡು ನಿಂತ ಮೇಲೆ ಆ ತಟ್ಟೆ ಒಂದೊಂದು ಹೊತ್ತು ಬರದೆಯೂ ಇರತೊಡಗಿತು. ಈಗ ಅವನು ಪ್ರತಿ ತಿಂಗಳ ಬುಧವಾರವೂ ತಪ್ಪದೆ ಬಂದು, ಎಲ್ಲರದೂ ಮುಗಿದ ಮೇಲೆ ತನ್ನ ಕೈ ಚಾಚುತ್ತಿದ್ದ. 'ಸಾಮಿ, ಇಂಕೊಕ್ಕಸಾರಿ ಚೂಡು ಸಾಮಿ, ಇನ್ನೊಂದ್ ಸಲ ನೋಡು. ನಿನ್ನೆಯಿಂದ ಮತ್ತೆ ಗೊತ್ತಾಗ್ತಾ ಇಲ್ಲ.' ರೇಣುಕಯ್ಯ ಪಾಪ ಪ್ರತಿಸಲವೂ ನೋಡುತ್ತಿದ್ದ, ಪ್ರತಿಸಲವೂ ತಲೆಯಾಡಿಸುತ್ತಿದ್ದ. ಪುಟ್ಟಕ್ಕ ಬಂದದ್ದನ್ನು ನೋಡಿ ಮುದ್ದಪ್ಪ ಸರಿದು ನೆರಳು ಬಿಟ್ಟುಕೊಟ್ಟ. ರೋಗಿಗೆ ಅವನು ತೋರುವ ಗೌರವ ನೋಡಿದರೆ ದೊಡ್ಡ ಸಂಬಳದವರ ಎದುರು ಕೂತಂತಿತ್ತು. 'ನೀಕೇಮಮ್ಮಾ, ನಿಂಗೇನಮ್ಮಾ, ನಿನ್ ಕೈ ಬಂಗಾರ' ಎಂದ. ಅವನ ಮಾತಿನಲ್ಲಿ ಹೊಟ್ಟೆಕಿಚ್ಚು ಕೂಡ ಇರಲಿಲ್ಲ. ಪುಟ್ಟಕ್ಕನಿಗೆ ಅವನ ಮುಖ ನೋಡಲಾಗಲಿಲ್ಲ. ಮಡಿಕೆ ಮಡಿಕೆಯಾದ ಹಳೆಯ ಅಂಗಿಯ ತೋಳಿನಿಂದ ಹೊರಬಿದ್ದಿದ್ದ ಅವನ ವಾಸಿಯಾದ ಕೈಯನ್ನು ನೋಡಿದಳು. ನೊಣವೊಂದು ಅದರ ಮೇಲೆ ಕೂತಿತು. ಅವನು ಓಡಿಸಿದ. ಓಡಿಸಿದ ಮೇಲೆ ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದ.

ರೇಣುಕಯ್ಯ ಅವಳ ಸರದಿ ಬಂದಾಗ ಕೆಂಪು ಮಾತ್ರೆ ನುಂಗಿಸಿ, 'ಕೈ ಕೊಡಮ್ಮ' ಎಂದ. ಅವಳ ಕೈಯನ್ನು ತನ್ನ ಎಡಗೈಯ ಮೇಲೆ ಮಲಗಿಸಿಕೊಂಡ. ಯಾವಾಗಲೂ ಹಾಗೆಯೇ ಮಾಡುತ್ತಿದ್ದ. ಹಣೆಯ ಮೇಲೆ ವಿಭೂತಿ, ಅಂಗಿಯೊಳಗೆ ಲಿಂಗ, ಮನೆಗೆ ಹೋಗಿ ಸ್ನಾನ ಮಾಡುತ್ತಾನೋ ಏನೋ, ಆದರೆ ಕೈ ಹಿಡಿಯುವಾಗ ಹಿಂಜರಿದವನಲ್ಲ. ಇಷ್ಟು ವರ್ಷ ಅವನು ಹಿಡಿದಿರುವುದನ್ನು ಅವಳು ನೋಡಿದ್ದಳು, ಅಷ್ಟೆ. ಇವತ್ತು ಅವನ ಕೈ ಬೆವೆತಿದೆ ಎಂಬುದು ಗೊತ್ತಾಯಿತು. ಲೂನಾದ ಹಿಡಿ ಹಿಡಿದು ಹಿಡಿದು ಅಂಗೈಯಲ್ಲಿ ಎದ್ದ ಗಂಟು ಗೊತ್ತಾಯಿತು. ಒಬ್ಬ ಮನುಷ್ಯನ ಕೈ ಇಷ್ಟು ಬಿಸಿ ಇರುತ್ತದೆಂಬುದು ಅವಳಿಗೆ ಮರೆತೇಹೋಗಿತ್ತು. ತನ್ನನ್ನು ಮುಟ್ಟುವವನು ಭೂಮಿಯ ಮೇಲೆ ಇವನೊಬ್ಬನೇ, ವಾಸಿಯಾದರೆ ಇವನೂ ಮುಟ್ಟುವುದಿಲ್ಲ ಎಂಬ ಯೋಚನೆ ಬಂದು, ಅದಕ್ಕೆ ತಾನೇ ನಾಚಿಕೊಂಡಳು. ರೇಣುಕಯ್ಯ ಅವಳ ಅಂಗೈಯನ್ನು ಮಗುಚಿ ನೋಡಿ ಹುಬ್ಬೇರಿಸಿದ.

'ಏನಮ್ಮ ಪುಟ್ಟಕ್ಕ, ಈ ಸಲ ಒಂದು ಬೊಬ್ಬೇನೂ ಇಲ್ವಲ್ಲ? ನನ್ನ ಮಾತು ಕೇಳೋ ಹಂಗಾಗಿಬಿಟ್ರಾ?'

'ಊ ಅಯ್ನೋರೆ. ನೀವೇಳಿದ್ರಲ್ಲ, ಬಿಸಿ ಮುಟ್ಬ್ಯಾಡ ಅಂತ.'

'ಹತ್ತು ಸಲ ಹೇಳಿದಾಗ ಕೇಳದವರು ಈಗ ಕೇಳಿದ್ರಿ. ಒಳ್ಳೇದೇ. ಆದ್ರೆ ಮುಂದಿನ ವಾರ ಡಾಕ್ಟ್ರು ಬರ್ತಾರೆ. ಬೊಬ್ಬೆ ಯಾಕಿಲ್ಲ ಅಂತ ಅವರು ಮೊದಲು ಅದನ್ನೇ ಕೇಳೋದು. ಎಲ್ಲಿ, ಕಣ್ಣು ಮುಚ್ಚಿ.'

ಅವಳು ಕಣ್ಣು ಮುಚ್ಚಿದಳು. ಪರೀಕ್ಷೆ ಅವಳಿಗೆ ಬಾಯಿಪಾಠವಾಗಿತ್ತು. ರೇಣುಕಯ್ಯ ಬಾಲ್‌ಪೆನ್ನಿನ ತುದಿಯಿಂದ ಕೈಯ ಅಲ್ಲಲ್ಲಿ ಮುಟ್ಟುತ್ತಾನೆ, ಮುಟ್ಟಿದ್ದು ಗೊತ್ತಾದರೆ ಹೂಂ ಎನ್ನಬೇಕು. ಇಷ್ಟು ವರ್ಷ ಅವಳು ಕತ್ತಲೆಯಲ್ಲಿ ಕೂತು ಕಾಯುತ್ತಿದ್ದಳು, ಏನೂ ಆಗುತ್ತಿರಲಿಲ್ಲ, ಕೊನೆಗೆ ಕಣ್ಣು ಬಿಡಿ ಎನ್ನುತ್ತಿದ್ದ. ಇವತ್ತು ಕಣ್ಣು ಮುಚ್ಚಿದ ಕೂಡಲೆ ಅವಳ ಇಡೀ ಮೈ ಬಂದು ಆ ಅಂಗೈಯಲ್ಲಿ ಕೂತಿತು. ರಸ್ತೆಯಲ್ಲಿ ಸಿರಾದ ಬಸ್ಸು ಹೋಯಿತು. ಮುದ್ದಪ್ಪ ಮೂಗು ಎಳೆದ. ಹೂಂ ಎನ್ನಬಾರದು, ಹೂಂ ಎನ್ನಬಾರದು ಎಂದು ಅವಳು ಹಲ್ಲು ಕಚ್ಚಿಕೊಂಡಳು. ಪೆನ್ನು ಹೆಬ್ಬೆರಳ ಬುಡವನ್ನು ಮುಟ್ಟಿತು, ಚಿಕ್ಕದಾಗಿ, ಚೂಪಾಗಿ.

'ಇಲ್ಲ' ಎಂದಳು.

ಪೆನ್ನು ನಿಂತಿತು. ಆಮೇಲೆ ಅಂಗೈಯ ನಡುವೆ ಮುಟ್ಟಿತು.

'ಇಲ್ಲ' ಎಂದಳು ಇನ್ನೂ ಗಟ್ಟಿಯಾಗಿ.

ತೋರುಬೆರಳ ತುದಿ. 'ಇಲ್ಲ.' ಮಣಿಕಟ್ಟು. 'ಇಲ್ಲ ಅಯ್ನೋರೆ, ಏನೇನೂ ಇಲ್ಲ.' ಕಿರುಬೆರಳು ಮಾತ್ರ ಎಂದಿನಂತೆ ಸತ್ತಿತ್ತು. ಅಲ್ಲಿ ಅವನು ಮುಟ್ಟಿದ್ದರೂ ಮುಟ್ಟಿರಬಹುದು, ಅವಳು ಏನೂ ಹೇಳಲಿಲ್ಲ. ಕಣ್ಣು ಬಿಡಿ ಎಂದಾಗ ಬಿಟ್ಟಳು. ಬಿಸಿಲು ಹಳದಿಯಾಗಿ ಕಂಡಿತು. ರೇಣುಕಯ್ಯ ಅವಳ ಮುಖ ನೋಡುತ್ತಿರಲಿಲ್ಲ, ಪೆನ್ನಿನ ತುದಿಯನ್ನು ನೋಡುತ್ತಿದ್ದ. ಆಮೇಲೆ ಅವಳ ಕೈಯನ್ನು, ಕೆಳಗಿಟ್ಟರೆ ಒಡೆಯುವ ಸಾಮಾನು ಎಂಬಂತೆ, ಅವಳ ಮಡಿಲಲ್ಲಿ ಇಟ್ಟ. ಕೈದುಡ್ಡು ಕೊಟ್ಟ. ಪೆಟ್ಟಿಗೆ ಮುಚ್ಚುತ್ತ, ಯಾವುದೋ ಬೇರೆ ವಿಷಯ ಮಾತಾಡುವವನಂತೆ, ಹೇಳಿದ: 'ಪುಟ್ಟಕ್ಕ, ಡಾಕ್ಟ್ರು ಮುಟ್ಟಿದಾಗ ಸುಮ್ಮನೆ ಕೂತಿರಬೇಕು. ಏನೂ ಅನ್ನಬಾರದು. ಗೊತ್ತಾಯ್ತಾ? ಏನೂ.'

'ಊ ಅಯ್ನೋರೆ' ಎಂದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಅಂಗಡಿಯಲ್ಲಿ ಬೆಲ್ಲ ಕೊಬ್ಬರಿ ಕಟ್ಟಿಸಿಕೊಂಡು ಕಾಲುದಾರಿಗೆ ಇಳಿದ ಮೇಲೆ. ಅಂಗಡಿಯವನು ಎಂದಿನಂತೆ ಹಣವನ್ನು ನೆಲದ ಮೇಲೆ ಇಡಿಸಿ, ನೀರು ಚಿಮುಕಿಸಿ, ಆಮೇಲೆ ತೆಗೆದುಕೊಂಡ. ಪೊಟ್ಟಣವನ್ನು ಅವಳ ಸೆರಗಿಗೆ ಮೇಲಿನಿಂದ ಬಿಟ್ಟ. ಕೊಯ್ಲಾದ ಕಡಲೆಕಾಯಿ ಹೊಲಗಳಲ್ಲಿ ಹೆಂಗಸರು ಬಳ್ಳಿ ಗುಡ್ಡೆ ಹಾಕುತ್ತಿದ್ದರು, ಯಾರದೋ ರೇಡಿಯೋ ಕೂಗುತ್ತಿತ್ತು. ಜಾಲಿಯ ಗಿಡ ದಾಟುವಾಗ ಒಂದು ಮುಳ್ಳು ಅವಳ ತೋಳನ್ನು ಗೀರಿತು, ಹಾ ಎಂದಳು. ಹಾ ಎಂದ ಕೂಡಲೆ ಅವಳ ಕಾಲು ನಿಂತುಹೋಯಿತು. ಮುಟ್ಟಿದ್ದು ಗೊತ್ತಾಗದವರು, ಮುಟ್ಟಿದ ಹೊತ್ತಿಗೇ ಸರಿಯಾಗಿ, ಇಲ್ಲ ಎನ್ನುವುದು ಹೇಗೆ? ಮೈಯೆಲ್ಲ ಬೆವೆತಿತು. ಅವಳು ಒಂದೊಂದು ಸಲವೂ ಇಲ್ಲ ಇಲ್ಲ ಎನ್ನುತ್ತ ಇದೆ ಇದೆ ಎಂದೇ ಹೇಳಿದ್ದಳು, ಅದೂ ಗಟ್ಟಿಯಾಗಿ, ಮುದ್ದಪ್ಪನಿಗೂ ಕೇಳುವಂತೆ. ಎಂಥ ಮುಂಡೇದು ನಾನು ಎಂದು ದಾರಿಯ ನಡುವೆ ಹಣೆ ಚಚ್ಚಿಕೊಂಡಳು. ರೇಣುಕಯ್ಯನಿಗೆ ಮೊದಲ ಇಲ್ಲಕ್ಕೇ ತಿಳಿದಿತ್ತು. ತಿಳಿದೂ ಎರಡನೆಯ ಸಲ ಮುಟ್ಟಿದ, ಮೂರನೆಯ ಸಲ ಮುಟ್ಟಿದ. ತಿಳಿದೂ ಕೈದುಡ್ಡು ಕೊಟ್ಟ. ಸುಮ್ಮನೆ ಕೂತಿರಬೇಕು, ಏನೂ ಅನ್ನಬಾರದು. ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಅವಳಿಂದ ಜನ ಕಿತ್ತುಕೊಂಡದ್ದು ಬೇಕಾದಷ್ಟು, ಆದರೆ ಕಳ್ಳಿ ಎಂದು ಯಾರೂ ಕರೆದಿರಲಿಲ್ಲ. ಅವನೂ ಕರೆದಿಲ್ಲ. ಕರೆದಿದ್ದರೆ ಹಗುರವಾಗುತ್ತಿತ್ತೇನೋ. ವಾಪಸ್ಸು ಹೋಗಿ, ಅಯ್ನೋರೆ, ನನಗೆ ಗೊತ್ತಾಗುತ್ತದೆ, ನಿಮ್ಮ ಅಂಗೈಯ ಗಂಟು ಕೂಡ ಗೊತ್ತಾಯಿತು ಎಂದು ಹೇಳಿಬಿಡಲೇ ಎನ್ನಿಸಿತು. ಒಂದೆರಡು ಹೆಜ್ಜೆ ಹಿಂದಕ್ಕೆ ಇಟ್ಟಳು ಕೂಡ. ರಸ್ತೆಯ ಕಡೆ ಲೂನಾ ಪಟಪಟ ಎಂದು ದೂರವಾಗುವುದು ಕೇಳಿಸಿತು. ಹುಣಸೆಮರದ ಕೆಳಗೆ ಮುದ್ದಪ್ಪ ಇನ್ನೂ ಕೂತೇ ಇದ್ದ. ಅವಳು ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಹಟ್ಟಿಯ ಕಡೆ ತಿರುಗಿದಳು. ಅವಳ ತಲೆಯಲ್ಲಿ ಉಳಿದದ್ದು ರೇಣುಕಯ್ಯನ ಇನ್ನೊಂದು ಮಾತು: ಬೊಬ್ಬೆ ಯಾಕಿಲ್ಲ ಅಂತ ಮೊದಲು ಅದನ್ನೇ ಕೇಳೋದು.

ಸಂಜೆಗೆ ಬಾಣಂತಿ ಗುಡ್ಲಿನ ಮುಂದಿನ ಮೂರುಕಲ್ಲಿನ ಒಲೆಯ ಮೇಲೆ ನೀರಿನ ಮಡಕೆ ಕುದಿಯುತ್ತಿತ್ತು. ಕುರಿಗಳು ಇನ್ನೂ ಬಂದಿರಲಿಲ್ಲ, ಓಬಳಪ್ಪನೂ ಬಂದಿರಲಿಲ್ಲ. ಗುಡ್ಲಿನೊಳಗೆ ಮಗು ಒಂದೇ ಸಮನೆ ಅಳುತ್ತಿತ್ತು. ನಾದಿನಿ ಈರಕ್ಕ, ಓಬಳಪ್ಪನ ಹೆಂಡತಿ, ಬೇಲಿಯ ಒಳಬದಿಯಲ್ಲಿ ನಿಂತು, ಮುಳ್ಳಿನ ಸಂದಿಯಿಂದ ಮಗಳಿಗೂ ಅಕ್ಕನಿಗೂ ಹೀಗೆ ಮಾಡು ಹಾಗೆ ಮಾಡು ಎಂದು ಹೇಳುತ್ತಿದ್ದಳು. ಮೊದಲ ಮೊಮ್ಮಗು, ಅವಳೂ ಅದನ್ನು ಮುಟ್ಟಿರಲಿಲ್ಲ. ದಿನ ತುಂಬುವವರೆಗೆ ಕಾಯಬೇಕು. ಪುಟ್ಟಕ್ಕ ಬೆಲ್ಲ ಕೊಬ್ಬರಿಯ ಪೊಟ್ಟಣವನ್ನು ಗುಡ್ಲಿನ ಬಾಗಿಲಲ್ಲಿಟ್ಟು ದೂರ ಸರಿದಳು. ದಾಸಮ್ಮ ಒಳಗಿನಿಂದ ಕೈ ಚಾಚಿ ಅದನ್ನು ಎಳೆದುಕೊಂಡಳು. ಆ ಸಂದಿಯಲ್ಲಿ ಮಗುವಿನ ಒಂದು ಪಾದ ಕಾಣಿಸಿತು, ಹೊಸದಾಗಿ ಬಿಡಿಸಿದ ಕಡಲೆಬೀಜದ ಬಣ್ಣ, ಬೆರಳುಗಳನ್ನೆಲ್ಲ ಮಡಿಸಿಕೊಂಡಿತ್ತು. ಎಲ್ಲ ಬೆರಳೂ ಮಡಿಸುತ್ತಿದೆ, ಒಳ್ಳೆಯದು ಎಂದುಕೊಂಡಳು ಪುಟ್ಟಕ್ಕ.

'ಅತ್ತೇ, ನೀರು ಕಾದದೆ ಕಣತ್ತೆ, ಇಳ್ಸಿ ಕೊಡ್ತೀಯಾ?' ಎಂದಳು ದಾಸಮ್ಮ. 'ನಂಗೆ ಸೊಂಟ ಎತ್ತಾಕಾಯ್ತಿಲ್ಲ. ಹೆತ್ತಾಗಿಂದ ಒಂದಿನಾನೂ ನೀನು ಇಳ್ಸಿಲ್ಲ, ಚೆಂಬಿನಾಗೆ ಮೊಗ್ದು ಮೊಗ್ದು ಸಾಕಾಗದೆ.'

'ಭುಜ ಇಡ್ಕಂಡಿತ್ತು ಕಣವ್ವ' ಎಂದಳು.

'ಈಗೆಂಗೈತೆ ಅಕ್ಕಾ?' ಎಂದಳು ಬೇಲಿಯಿಂದ ಈರಕ್ಕ.

'ಈಗ ಬಿಟ್ಟದೆ.'

ಅವಳು ಒಲೆಯ ಮುಂದೆ ಕೂತಳು. ಹಿಂದೆ ಎಷ್ಟು ಸಾವಿರ ಮಡಕೆಯನ್ನು ಹೀಗೆ ಇಳಿಸಿರಬಹುದು. ಆಗ ಮಾತಾಡುತ್ತ, ನಗುತ್ತ, ಬೇರೆ ಕಡೆ ನೋಡುತ್ತ ಇಳಿಸುತ್ತಿದ್ದಳು. ಈಗ ಮಡಕೆಯ ಕಂಠದ ಹತ್ತಿರ ಕೈ ತಂದರೆ ಮುಟ್ಟುವ ಮೊದಲೇ ಬಿಸಿ ಬಂದು ಅಂಗೈಯನ್ನು ತಳ್ಳಿತು. ಬಾ ಎಂದು ಕರೆದ ಹಾಗೂ ಇತ್ತು, ಹೋಗು ಎಂದ ಹಾಗೂ ಇತ್ತು. ಬೆಂಕಿ ಹೆದರಿಕೊಳ್ಳುತ್ತದಂತೆ. ಸೌದೆಯೆಲ್ಲ ಉರಿದು ಕೆಂಡವಾಗಿತ್ತು, ಇನ್ನು ಕಾಯುವುದಕ್ಕೂ ಏನೂ ಇರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು, ಹುಣಸೆಮರದ ಕೆಳಗೆ ಮುಚ್ಚಿಕೊಂಡ ಹಾಗೆ. ಏನೂ ಅನ್ನಬಾರದು. ಎರಡೂ ಕೈಯಿಂದ ಮಡಕೆಯನ್ನು ಹಿಡಿದಳು. ಎತ್ತಿದಳು. ಎಡಗೈ ಎಂದಿನಂತೆ ಕೊರಡಾಗಿತ್ತು, ಬಲಗೈಯ ಕಿರುಬೆರಳೂ ಸುಮ್ಮನಿತ್ತು. ಮಿಕ್ಕ ಬೆರಳುಗಳು ಒಂದೊಂದೂ ಬೇರೆ ಬೇರೆಯಾಗಿ ಉರಿದವು. ಇದು ಹೆಬ್ಬೆರಳು, ಇದು ತೋರುಬೆರಳು, ಇದು ಅದರ ಪಕ್ಕದ್ದು ಎಂದು, ಕಳೆದುಹೋಗಿ ಮನೆಗೆ ಬಂದವರನ್ನು ಹೆಸರು ಹಿಡಿದು ಕರೆಯುವಂತೆ, ಅವಳಿಗೆ ಎಲ್ಲ ತಿಳಿಯಿತು. ಕಿರುಚು ಹೊಟ್ಟೆಯಿಂದ ಎದ್ದು ಹಲ್ಲಿನವರೆಗೆ ಬಂತು. ಅದನ್ನು ಅಲ್ಲಿಯೇ ಕಚ್ಚಿ ಹಿಡಿದು ನಡೆದಳು. ಗುಡ್ಲಿನ ಬಾಗಿಲು ಇಷ್ಟು ದೂರವಿತ್ತೆ? ಒಳಗೆ ಮಗು ಇದೆ, ಚೆಲ್ಲಬಾರದು. ಒಂದು ಹನಿಯೂ ಚೆಲ್ಲದೆ ಸಿಂಬೆಯ ಮೇಲೆ ಮಡಕೆ ಕೂರಿಸಿದಳು, ಕೂರಿಸಿದ ಮೇಲೆಯೂ ಅದು ಅಲುಗದಂತೆ ನೋಡಿ ಆಮೇಲೆ ಕೈ ಬಿಟ್ಟಳು. ಹಿಂದಕ್ಕೆ ಸರಿದು, ಬಲಗೈಯನ್ನು ಎಡಕಂಕುಳಿನಲ್ಲಿ ಅವುಚಿಕೊಂಡು ಒಲೆಯ ಕಡೆ ತಿರುಗಿ ನಿಂತಳು.

ದಾಸಮ್ಮ ತಣ್ಣೀರು ಬೆರೆಸುವ ಸದ್ದು ಕೇಳಿಸಿತು. ಮಗುವಿನ ಮೈಮೇಲೆ ಮೊದಲ ಚೆಂಬು ನೀರು ಬಿದ್ದಿರಬೇಕು, ಅಳು ನಿಂತಿತು.

'ಏನಂದ್ರು ಅಕ್ಕಾ, ಆಸ್ಪತ್ರೆಯೋರು?' ಎಂದಳು ಈರಕ್ಕ.

'ಇನ್ನೂ ಬಂದಿಲ್ಲ ಅಂದ್ರು.'

'ಏನು ಬಂದಿಲ್ಲ?'

'ಕೈಗೆ... ಮುಟ್ಟಿದ್ದು ಗೊತ್ತಾಗಾದು. ಇನ್ನೂ ಬಂದಿಲ್ಲ. ಕೈದುಡ್ಡು ನಿಲ್ಲಾಕಿಲ್ಲ.'

ಬೇಲಿಯ ಸಂದಿಯಲ್ಲಿ ಈರಕ್ಕನ ಒಂದು ಕಣ್ಣು, ಮೂಗುಬೊಟ್ಟು, ಅರ್ಧ ಬಾಯಿ ಕಾಣುತ್ತಿತ್ತು. ಆ ಕಣ್ಣು ಪುಟ್ಟಕ್ಕನ ಕಂಕುಳನ್ನು ನೋಡುತ್ತಿತ್ತು. ಆಮೇಲೆ ಅವಳ ಮುಖವನ್ನು ನೋಡಿತು.

'ಕಣ್ಣಾಗೆ ನೀರು ಯಾಕಕ್ಕ?'

'ಹೊಗೆ ಕಣೆ ಈರಿ.'

ಈರಕ್ಕ ಒಲೆಯ ಕಡೆ ನೋಡಿದಳು. ಪುಟ್ಟಕ್ಕನೂ ನೋಡಿದಳು. ಒಲೆಯಲ್ಲಿ ಕೆಂಡ ಮಾತ್ರ ಇತ್ತು, ಕೆಂಡದ ಮೇಲೆ ಬೂದಿ ಕಟ್ಟುತ್ತಿತ್ತು, ಹೊಗೆಯ ಒಂದು ಎಳೆಯೂ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಇಲ್ಲದ ಹೊಗೆಯನ್ನು ನೋಡುತ್ತ ನಿಂತರು. ಈಗ ಈರಕ್ಕ ಗಂಡನಿಗೆ ಹೇಳುತ್ತಾಳೆ, ಹಿರಿಯರಿಗೆ ಹೇಳುತ್ತಾಳೆ, ಅಥವಾ ಬಾಯಿಗೆ ಸೆರಗು ಅಡ್ಡ ಹಿಡಿದು ಓಡಿಹೋಗುತ್ತಾಳೆ ಎಂದು ಪುಟ್ಟಕ್ಕ ಕಾದಳು. ಈರಕ್ಕ ಒಮ್ಮೆ ಹಿಂದಕ್ಕೆ ತಿರುಗಿ ಹಟ್ಟಿಯ ಒಳಗೆ ನೋಡಿದಳು, ಗುಡ್ಲಿನ ಬಾಗಿಲ ಕಡೆ ನೋಡಿದಳು. ಮುಳ್ಳಿಗೆ ಮುಖ ತಾಗುವಷ್ಟು ಹತ್ತಿರ ಬಂದಳು.

'ಊದ್ಕ ಅಕ್ಕಾ' ಎಂದಳು ಸಣ್ಣಗೆ. 'ಯಾರೂ ನೋಡ್ತಿಲ್ಲ, ಊದ್ಕ.'

ಹೇಳಿ, ತಾನೂ ನೋಡಬಾರದೆಂಬಂತೆ ಬೆನ್ನು ತಿರುಗಿಸಿ ಅಲ್ಲೇ ನಿಂತಳು. ಪುಟ್ಟಕ್ಕ ಕಂಕುಳಿನಿಂದ ಕೈ ತೆಗೆದಳು. ಅಂಗೈ ಕೆಂಪಗೆ ಬಾತುಕೊಳ್ಳುತ್ತಿತ್ತು, ಬೆಳಗಾಗುವಷ್ಟರಲ್ಲಿ ಬೊಬ್ಬೆ ಏಳುತ್ತವೆ, ಮುಂದಿನ ವಾರ ಡಾಕ್ಟರು ಬಂದಾಗ ತೋರಿಸಲು ಇರುತ್ತವೆ. ಅದನ್ನು ಬಾಯಿಯ ಹತ್ತಿರ ತಂದಳು. ಹೇಗೆ ಊದಿಕೊಳ್ಳುವುದೆಂದು ಮರೆತಿರಬಹುದೆಂದು ಮೊದಲು ಅಳುಕಿದಳು. ಆಮೇಲೆ ಊದಿದಳು. ತನ್ನದೇ ಉಸಿರು ತಣ್ಣಗೆ ಅಂಗೈಯ ಮೇಲೆ ಹರಿದು ಬೆರಳ ಸಂದಿಗಳಿಂದ ಹೊರಗೆ ಹೋಯಿತು. ಮತ್ತೆ ಊದಿದಳು. ಬೇಲಿಯ ಆಚೆ ಈರಕ್ಕ ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು, ಕುರಿಗಳು ಬರುವ ಧೂಳು ಕಾಣುವವರೆಗೂ.